ಹಾಲಮ್ಮ ಟೀಚರ್ ಕರೆದ ಹಾಜರಿ

ಲೇಕ್‌ಸೈಡಿನ ಹಾಡುಗಾರರಲ್ಲಿ ಒಂದು ಪದ್ಧತಿಯಿದೆ. ಹಾಡು ಬರೆದವನು ಅದನ್ನು ಹಾಡುವ ಮೊದಲು ಅದು ಹುಟ್ಟಿದ ಕಥೆ ಹೇಳಬೇಕು. ಗಿಟಾರಿನ ತಂತಿ ಸುಮ್ಮನೆ ಮೀಟುತ್ತ, ಎದುರು ಕೂತವರಿಗೆ ಮನೆಯ ವಿಷಯ ಹೇಳಿಕೊಂಡಂತೆ ಹೇಳಬೇಕು. ಬರೆದವನು ತೀರಿಹೋಗಿದ್ದರೆ ಅವನ ಮನೆಯವರಲ್ಲಿ ಯಾರಾದರೂ ಎದ್ದು ನಿಂತು ಹೇಳುತ್ತಾರೆ. ಕಥೆಯಿಲ್ಲದೆ ಹಾಡಿಬಿಟ್ಟರೆ ಸತ್ತವನಿಗೆ ಮರ್ಯಾದೆ ಕೊಡಲಿಲ್ಲ ಎಂದು ಅವರು ತಿಳಿಯುತ್ತಾರೆ.

ನನ್ನ ಗಂಡ ನೀಲಕಂಠ ತೀರಿಕೊಂಡು ವರ್ಷ ತುಂಬುತ್ತ ಬಂದಾಗ, 2023ರ ನವೆಂಬರಿನಲ್ಲಿ, ಡಾರ್ಲೀನ್ ಫೋನ್ ಮಾಡಿದ್ದು ಇದಕ್ಕೇ. ಅವಳು ಶಾಲೆಯ ಬಸ್ ಓಡಿಸಿ ನಿವೃತ್ತಳಾದವಳು, ನೀಲಕಂಠನ ಹಾಡುಗಳನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ ಬಲ್ಲವಳು. ಶನಿವಾರ ಮಧ್ಯಾಹ್ನ ಎಲ್ಲರೂ ಸೇರಿ ಅವನನ್ನು ನೆನೆಯುತ್ತೇವೆ, ಹಾಜರಿಯ ಹಾಡನ್ನು ಕೊನೆಗೆ ಇಟ್ಟುಕೊಂಡಿದ್ದೇವೆ, ಅದರ ಕಥೆ ನೀನೇ ಹೇಳಬೇಕು ಎಂದಳು. ಅವನ ತಾಯಿ ಹೋದ ದಿನ ನೀನು ಆ ಮನೆಯಲ್ಲೇ ಇದ್ದೆಯಲ್ಲ ಎಂದಳು.

ನಾನು ಒಪ್ಪಿಕೊಂಡೆ. ಅವನ ತಾಯಿ ಅನ್ನಪೂರ್ಣವ್ವ ಅದೇ ಹೊತ್ತಿಗೆ ನಮ್ಮ ಅಡುಗೆಮನೆಯಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು.

ಇದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಲೇಕ್‌ಸೈಡ್ ಇರುವುದು ಸ್ಯಾನ್ ಡಿಯಾಗೋದಿಂದ ಪೂರ್ವಕ್ಕೆ, ಒಣ ಗುಡ್ಡಗಳ ನಡುವೆ. ಕುದುರೆ ಸಾಕುವವರು, ಟ್ರಕ್ ಓಡಿಸುವವರು, ನೌಕಾದಳದಿಂದ ನಿವೃತ್ತರಾದವರು ಇರುವ ಊರು. ನೀಲಕಂಠ ಮೊದಲು ಸ್ಯಾನ್ ಡಿಯಾಗೋದ ಒಂದು ಟೆಲಿಕಾಂ ಕಂಪನಿಯಲ್ಲಿದ್ದಾಗ ಅಲ್ಲಿಗೆ ಕಂಟ್ರಿ ಹಾಡು, ಅಮೆರಿಕದ ಹಳ್ಳಿಗಾಡಿನ ಹಾಡು, ಕೇಳಲು ಹೋಗುತ್ತಿದ್ದ, ಆಮೇಲೆ ಬರೆಯಲು ಕಲಿತ. ಲಾಸ್ ಏಂಜಲೀಸ್ ಕಡೆಗೆ, ರೆಡೊಂಡೊ ಬೀಚಿಗೆ, ಮನೆ ಬದಲಾಯಿಸಿದ ಮೇಲೂ ಬಿಡಲಿಲ್ಲ. ವಾರವಿಡೀ ಉಪಗ್ರಹದ ಆಂಟೆನಾ ಪರೀಕ್ಷಿಸುವ ಎಂಜಿನಿಯರ್ ಶನಿವಾರ ಹ್ಯಾಟ್ ಹಾಕಿಕೊಂಡು ದಕ್ಷಿಣಕ್ಕೆ ಡ್ರೈವ್ ಮಾಡಿ ನೀಲ್ ಆಗುತ್ತಿದ್ದ. ನಮ್ಮ ಕನ್ನಡದವರಿಗೆ ಇದೊಂದು ನಗೆಚಾಟಿಕೆ. ಗಣೇಶನ ಹಬ್ಬಕ್ಕೆ ಸೇರಿದಾಗ, "ಏನ್ರೀ ಕೌಬಾಯ್, ಎಮ್ಮೆ ಎಲ್ಲಿ ಪಾರ್ಕ್ ಮಾಡಿದ್ರಿ?" ಎನ್ನುತ್ತಿದ್ದರು. ಅವನೂ ನಗುತ್ತಿದ್ದ. ಅವನ ಹಾಡು ಕೇಳಲು ಅವರಲ್ಲಿ ಒಬ್ಬರೂ ಬಂದವರಲ್ಲ. ಲೇಕ್‌ಸೈಡಿನಲ್ಲಿ ಮಾತ್ರ ಜನ ಅವನ ಹಾಡನ್ನು ಮದುವೆಯಲ್ಲಿ ಹಾಡುತ್ತಿದ್ದರು, ಮಣ್ಣಿಗೆ ಹೋದಾಗಲೂ ಹಾಡುತ್ತಿದ್ದರು.

ನನ್ನ ತಾಯಿ ಹಾಲಮ್ಮ ಹರಿಹರದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದರು. 2020ರ ಜೂನಿನಲ್ಲಿ ಅವರು ಹೋದಾಗ ವಿಮಾನಗಳು ನಿಂತಿದ್ದವು. ನನ್ನ ತಮ್ಮ ಫೋನನ್ನು ಅವರ ದಿಂಬಿನ ಪಕ್ಕದಲ್ಲಿಟ್ಟ. ಅಮ್ಮನಿಗೆ ನಾನು ಯಾರೆಂದು ಗೊತ್ತಾಗುತ್ತಿರಲಿಲ್ಲ. ಅವರು ತರಗತಿಯಲ್ಲಿದ್ದರು, ಹಾಜರಿ ಕರೆಯುತ್ತಿದ್ದರು. ಬಸವರಾಜ, ಫಾತಿಮಾ, ಕೊಟ್ರೇಶಿ, ನಾಗವೇಣಿ. ಉತ್ತರ ಬರದಿದ್ದರೆ ಅದೇ ಹೆಸರನ್ನು ಮತ್ತೆ ಮತ್ತೆ ಕರೆದು ಸಿಟ್ಟಾಗುತ್ತಿದ್ದರು, ಉಸಿರು ಮೇಲಕ್ಕೆ ಬರುತ್ತಿತ್ತು. ಕೊನೆಗೆ ನಾನು ಇಲ್ಲಿಂದ, ರೆಡೊಂಡೊ ಬೀಚಿನ ಅಡುಗೆಮನೆಯ ನೆಲದ ಮೇಲೆ ಕೂತು, ಒಂದೊಂದು ಹೆಸರಿಗೂ "ಹಾಜರ್, ಟೀಚರ್" ಎನ್ನತೊಡಗಿದೆ. ಅವರು ಸಮಾಧಾನವಾದರು. ಹೆಸರುಗಳು ಮುಗಿಯುವ ಮೊದಲೇ ಕರೆಯುವುದು ನಿಂತುಹೋಯಿತು.

ನೀಲಕಂಠ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಸ್ವಲ್ಪ ದಿನದ ಮೇಲೆ ಹಾಡು ಬರೆದು ಊಟದ ಮೇಜಿನಲ್ಲಿ ನನಗೆ ಹಾಡಿ ತೋರಿಸಿದ. ಟೀಚರಾಗಿದ್ದ ತಾಯಿ ಕೊನೆಗಳಿಗೆಯಲ್ಲಿ ಹಾಜರಿ ಕರೆಯುತ್ತಾಳೆ, ದೂರದಲ್ಲಿರುವ ಮಗು ಎಲ್ಲ ಮಕ್ಕಳ ಪರವಾಗಿ ಓಗೊಡುತ್ತದೆ. ನಾನು ಅತ್ತುಬಿಟ್ಟೆ. ಮದುವೆಯಾದ ಮೇಲೆ ಅವನು ನನಗೆ ಕೊಟ್ಟದ್ದರಲ್ಲಿ ಅದೇ ದೊಡ್ಡದು ಎಂದುಕೊಂಡೆ.

ಆಗ ಎಲ್ಲ ಸಭೆಗಳೂ ನಿಂತಿದ್ದವು. ಅವನು ನಮ್ಮ ಗರಾಜಿನಿಂದಲೇ ಫೋನಿನ ಮುಂದೆ ಕೂತು ಹಾಡುತ್ತಿದ್ದ, ಲೇಕ್‌ಸೈಡಿನವರು ತಮ್ಮ ತಮ್ಮ ಮನೆಯಲ್ಲಿ ಕೇಳುತ್ತಿದ್ದರು. ಆ ಶನಿವಾರ ಚಹಾ ತೆಗೆದುಕೊಂಡು ಗರಾಜಿನ ಬಾಗಿಲಿಗೆ ಹೋದವಳು ಅಲ್ಲೇ ನಿಂತೆ. ತಂತಿ ಮೀಟುತ್ತ ಅವನು ಕಥೆ ಹೇಳುತ್ತಿದ್ದ. 'ನನ್ನ ತಾಯಿ ಹೋದ ವಾರ ತೀರಿಕೊಂಡರು, ನಾನು ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ,' ಎಂದು ಹೇಳುತ್ತಿದ್ದ. ಅವನ ಧ್ವನಿ ನಿಜವಾಗಿಯೂ ಒಡೆದಿತ್ತು.

ಆಮೇಲೆ ಕೇಳಿದೆ. ಅವನು ಜಗಳವಾಡಲಿಲ್ಲ, ಕಸುಬಿನ ಮಾತು ಹೇಳಿದಂತೆ ಹೇಳಿದ.

"ಹೆಂಡತಿಯ ತಾಯಿ ಸತ್ತಳು ಅಂದ್ರ ಈ ಮಂದಿ ನಗ್ತಾರ ಪಂಕಜಾ. ಕಂಟ್ರಿ ಹಾಡಿನಾಗ ಅತ್ತೆ ಅಂದ್ರ ಜೋಕು. ಅಳೋದು ತಾಯಿಗೆ ಮಾತ್ರ."

ಮುಂದೆ ಯಾವಾಗಲಾದರೂ ಸರಿಮಾಡುತ್ತೇನೆ ಎಂದ. ಆ ವರ್ಷ ಎಷ್ಟೋ ಜನ ತಾಯಿಯನ್ನು ಮುಖವೂ ನೋಡಲಾಗದೆ ಕಳೆದುಕೊಂಡಿದ್ದರು. ಡಾರ್ಲೀನಳ ತಾಯಿ ವೃದ್ಧಾಶ್ರಮದ ಕಿಟಕಿಯ ಆಚೆ ಸತ್ತಿದ್ದರು. ಹಾಡು ಫೋನಿನಿಂದ ಫೋನಿಗೆ ಹೋಯಿತು. ಇನ್ನು ಸರಿಮಾಡುವ ಪ್ರಶ್ನೆಯೇ ಉಳಿಯಲಿಲ್ಲ. ಶನಿವಾರ ಸತ್ತ ತಾಯಿಯ ಹಾಡು ಹಾಡಿ, ಭಾನುವಾರ ಬೆಳಿಗ್ಗೆ ಗದಗಿಗೆ ಫೋನ್ ಮಾಡಿ ಅದೇ ತಾಯಿಯ ಮಂಡಿನೋವು ವಿಚಾರಿಸುತ್ತಿದ್ದ. 2022ರಲ್ಲಿ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಎದೆ ಹಿಡಿದುಕೊಂಡು ಕುಸಿದ. ಸರಿಮಾಡುವವನೂ ಹೋದ.

ಹಾಗಾಗಿ ಡಾರ್ಲೀನಳಿಗೆ ಒಪ್ಪಿಗೆ ಕೊಟ್ಟಾಗ ನನ್ನ ಮನಸ್ಸಿನಲ್ಲಿದ್ದುದು ಒಂದೇ. ಆ ಜನರ ಮುಂದೆ ನಿಂತು, ಇದು ಹರಿಹರದ ಹಾಲಮ್ಮ ಟೀಚರ್ ಅವರ ಸಾವು, ಉತ್ತರ ಕೊಟ್ಟವಳು ನಾನು, ಎಂದು ಒಂದು ಸಲ ಹೇಳಬೇಕು. ಹೆಸರು ಒಂದು ಸಲ ಅಲ್ಲಿ ಕೇಳಿಸಬೇಕು.

ಅತ್ತೆ ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಮಗ ಹೋದ ಮೇಲೆ, ಅವನಿದ್ದ ಮನೆ ನೋಡಬೇಕೆಂದು ಹಟ ಹಿಡಿದು ಹಳೆಯ ಹತ್ತು ವರ್ಷದ ವೀಸಾದಲ್ಲಿ ಬಂದಿದ್ದರು. ಗದಗಿನ ಮಗಳ ಮನೆಯಲ್ಲಿ ಕೌದಿ ಹೊಲಿಯುತ್ತ ಚೆನ್ನಾಗಿಯೇ ಇದ್ದವರು. ನನ್ನ ಮಗಳು ಸಂಹಿತಾ, ಹೈಸ್ಕೂಲಿನಲ್ಲಿದ್ದಾಳೆ, ಅಪ್ಪನಿಗಾಗಿ ದೊಡ್ಡ ಫಂಕ್ಷನ್ ಇದೆ ಎಂದು ಅವರಿಗೆ ಹೇಳಿಬಿಟ್ಟಿದ್ದಳು. ನನ್ನ ಮಗನ್ನ ನೆನಸೋ ಮಂದೀ ಮಾರಿ ನಾ ನೋಡಬ್ಯಾಡೇನು ಎಂದು ಅತ್ತೆ ಇಳಕಲ್ ಸೀರೆ ತೆಗೆದಿಟ್ಟರು. ದೂರದ ಡ್ರೈವು, ಕಾಲು ಊದಿಕೊಳ್ಳುತ್ತದೆ, ಅವರ ಊಟ ನಿಮಗೆ ಆಗುವುದಿಲ್ಲ ಎಂದೆ. ಬುತ್ತಿ ಕಟ್ಟಿಕೊಂಡರು.

ದಾರಿಯುದ್ದಕ್ಕೂ ಅದನ್ನೇ ಲೆಕ್ಕ ಹಾಕುತ್ತಿದ್ದೆ. ನಿಜ ಹೇಳಿದರೆ, ನಿನ್ನ ಮಗ ನಿನ್ನನ್ನು ಜನರ ಮುಂದೆ ಸತ್ತವಳೆಂದು ಹೇಳಿಕೊಂಡು ತಿರುಗಿದ ಎಂದು ಆ ತಾಯಿಗೆ ಅಲ್ಲೇ ಗೊತ್ತಾಗುತ್ತದೆ. ಹೇಳದಿದ್ದರೆ ನನ್ನ ತಾಯಿಯನ್ನು ನಾನೇ ಮತ್ತೊಮ್ಮೆ ಕಳೆದುಕೊಂಡಂತೆ. ಕನ್ನಡಿಯಲ್ಲಿ ನೋಡಿದಾಗಲೆಲ್ಲ ಅತ್ತೆ ಸಮುದ್ರ ನೋಡುತ್ತ ಕೂತಿದ್ದರು, ಹಣೆಯ ವಿಭೂತಿ ಚೂರೂ ಅಳಿಸಿರಲಿಲ್ಲ. ಸ್ಯಾನ್ ಕ್ಲೆಮೆಂಟೆ ದಾಟುವಾಗ ಸಂಹಿತಾಗೆ ಇಂಗ್ಲಿಷಿನಲ್ಲಿ ಹೇಳಿದೆ: ಅಜ್ಜಿ ಯಾರೆಂದು ಯಾರಾದರೂ ಕೇಳಿದರೆ ಊರಿನಿಂದ ಬಂದ ಸಂಬಂಧಿಕರು ಅನ್ನು, ಸಾಕು. ಅವಳು ನನ್ನನ್ನು ಒಂದು ಕ್ಷಣ ನೋಡಿ ಮತ್ತೆ ಫೋನಿಗೆ ಮರಳಿದಳು.

ಕುದುರೆ ಮೇವಿನ ಅಂಗಡಿಯ ಹಿಂದಿನ ಹಾಲ್ ಅದು. ಹೊರಗೆ ಟ್ರಕ್ಕುಗಳು, ಒಳಗೆ ಹ್ಯಾಟುಗಳು, ಹುರುಳಿಕಾಯಿ ಪಲ್ಯ, ಜೋಳದ ಬ್ರೆಡ್ಡು. ಡಾರ್ಲೀನ್ ನನ್ನನ್ನು ತಬ್ಬಿಕೊಂಡಳು. ಅತ್ತೆಯನ್ನು ಕುಟುಂಬದ ಹಿರಿಯರು ಎಂದು ಪರಿಚಯಿಸಿದೆ. ಅವಳು ಬಗ್ಗಿ ಅವರ ಎರಡೂ ಕೈ ಹಿಡಿದಳು. ಜನ ಒಬ್ಬೊಬ್ಬರಾಗಿ ನೀಲಕಂಠನ ಮಾತಾಡಿದರು: ಒಬ್ಬ ಅವನ ಹಾಡು ಕೇಳಿ ಕುಡಿಯುವುದು ಬಿಟ್ಟಿದ್ದ, ಒಬ್ಬಳು ಬಿಟ್ಟುಹೋದ ಗಂಡನಿಗೆ ಫೋನ್ ಮಾಡಿದ್ದಳು. ಹಾಡು ಸುಳ್ಳು ಹೇಳುವುದಿಲ್ಲ, ಅದಕ್ಕೇ ನೀಲ್ ನಮ್ಮವನು, ಎಂದ ಇನ್ನೊಬ್ಬ. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ.

ವೇದಿಕೆಯ ಮೇಲೆ ಅವನ ಫೋಟೋ, ಅದರ ಮುಂದೆ ಒಂದು ಮೇಣದಬತ್ತಿ. ಪಕ್ಕದಲ್ಲಿ ಫೋಟೋ ಇಲ್ಲದ ಖಾಲಿ ಚೌಕಟ್ಟು, ಅದರ ಮುಂದೆ ಇನ್ನೊಂದು. ಅತ್ತೆ ಅದನ್ನೇ ನೋಡುತ್ತಿದ್ದರು. ಆ ಎರಡನೇದು ಯಾರದ್ದು ಎಂದು ಸಂಹಿತಾಳನ್ನು ಕೇಳಿದರು. ನಾನು ಮಧ್ಯೆ ಬಾಯಿ ಹಾಕುವಷ್ಟರಲ್ಲಿ ಅವಳು ತನಗೆ ಬರುವ ಕನ್ನಡದಲ್ಲಿ ಹೇಳಿಬಿಟ್ಟಳು.

"ಅದು ನಿಮ್ದು ಅಜ್ಜಿ. ಇವ್ರೆಲ್ಲ ನೀವು ಸತ್ತಿದೀರ ಅಂದ್ಕೊಂಡಿದಾರೆ. ಅಪ್ಪ ಹಂಗೆ ಹೇಳಿದ್ರು, ಫಾರ್ ದ ಸಾಂಗ್."

ಅತ್ತೆ ಅಳುತ್ತಾರೆ, ಇಲ್ಲವೇ ಎದ್ದು ಹೋಗುತ್ತಾರೆ ಎಂದು ಕಾದೆ. ಅವರ ಮುಖದಲ್ಲಿ ನಿಧಾನವಾಗಿ ನಗು ಬಂತು.

"ನನಗ ಕಾಗಿ ಮುಟ್ಟಿತ್ತು," ಎಂದರು.

ಸಂಹಿತಾಗೆ ವಿವರಿಸಿದರು. ತಲೆಯ ಮೇಲೆ ಕಾಗೆ ಬಂದು ಕೂತರೆ ಸಾವು ಹತ್ತಿರ ಬಂತೆಂದು ಅರ್ಥ. ಅದನ್ನು ತಪ್ಪಿಸಲು, ಕಾಗೆ ಮುಟ್ಟಿದವರು ಸತ್ತರೆಂದು ಮನೆಯವರು ಬೀಗರಿಗೂ ನೆಂಟರಿಗೂ ಸುಳ್ಳುಸುದ್ದಿ ಕಳಿಸುತ್ತಾರೆ. ಅವರು ಕೇಳಿ ಅತ್ತುಬಿಟ್ಟರೆ ಸಾವು ತನ್ನ ಕೆಲಸ ಮುಗಿಯಿತೆಂದು ತಿಳಿದು ಹಿಂದಿರುಗುತ್ತದೆ. 2020ರ ಬೇಸಿಗೆಯಲ್ಲಿ ಗದಗಿನ ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ಕಾಗೆ ಹೊಡೆದದ್ದನ್ನು ಭಾನುವಾರದ ಫೋನಿನಲ್ಲಿ ಮಗನಿಗೆ ಹೇಳಿದ್ದರಂತೆ. ಅವನು ನಕ್ಕು ಸುಮ್ಮನಾಗಿದ್ದನಂತೆ. ನಕ್ಕವ ಇಷ್ಟು ಮಂದಿಯ ಕೈಲೆ ಅಳಸ್ಯಾನ ನೋಡು, ಎಂದರು. ಹಾಡಿನಲ್ಲಿ ಏನಿದೆ ಎಂದು ಕೇಳಿದರು. ತಾಯಿ ಟೀಚರ್, ಸಾಯುವಾಗ ಅಟೆಂಡೆನ್ಸ್ ತೆಗೆದುಕೊಳ್ಳುತ್ತಾಳೆ ಎಂದು ಸಂಹಿತಾ ಹೇಳಿದಳು.

"ನನ್ನ ಟೀಚರ್ ಮಾಡ್ಯಾನ?" ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಸಾಲೀ ಕಟ್ಟಿ ಹತ್ತಿದಾಕಿ ಅಲ್ಲ ಬಿಡವಾ ನಾ."

ಆಮೇಲೆ ಅವರ ನಗು ಒಮ್ಮೆಲೇ ಆರಿತು. ಏನೋ ನೆನಪಾದವರಂತೆ ಎದ್ದು ಬಾಗಿಲ ಕಡೆ ನಡೆದರು. ನಾನು ಹಿಂದೆಯೇ ಹೋದೆ. ಮೇವಿನ ಅಂಗಡಿಯ ನೆರಳಿನಲ್ಲಿ, ಹುಲ್ಲಿನ ಹೊರೆಗಳ ಪಕ್ಕ ನಿಂತು ಎದೆ ಬಡಿದುಕೊಳ್ಳುತ್ತಿದ್ದರು. ಅತ್ತವರಿಗೆಲ್ಲ ಆಮೇಲೆ ಇದು ಸುಳ್ಳು, ಬದುಕಿದ್ದಾರೆ, ಎಂದು ತಿಳಿಸಲೇಬೇಕಂತೆ. ಅವನು ತಿಳಿಸಲಿಲ್ಲ. ತಿಳಿಸದೆ ಬಿಟ್ಟ ಸಾವು ಮನೆ ಹುಡುಕಿಕೊಂಡು ಅವನ ಹತ್ತಿರವೇ ಬಂತು. ನನಗ ಬಂದಿದ್ದನ್ನ ಅಂವ ತಗೊಂಡ, ನಾ ಆ ಕಾಗಿ ಸುದ್ದಿ ಯಾಕ ಹೇಳಿದೆ, ಎಂದು ಅದೇ ಮಾತನ್ನು ಮತ್ತೆ ಮತ್ತೆ ಆಡಿದರು.

ಅವರನ್ನು ಆ ಸಂಕಟದಿಂದ ಬಿಡಿಸುವುದು ನನ್ನ ಕೈಯಲ್ಲಿತ್ತು. ಬಿಡಿಸಬೇಕೆಂದು ಹೇಳಿದೆನೋ, ನನ್ನದು ನನಗೆ ಬೇಕೆಂದು ಹೇಳಿದೆನೋ, ಈಗಲೂ ಬೇರೆಮಾಡಿ ನೋಡಲು ನನಗೆ ಆಗುವುದಿಲ್ಲ.

"ಅತ್ತೆ, ನಿಮ್ಮಿಂದ ಏನೂ ಆಗಿಲ್ಲ. ಆ ಹಾಡು ನಿಮ್ಮದಲ್ಲ. ಟೀಚರಾಗಿದ್ದವರು ನಮ್ಮಮ್ಮ. ಹಾಜರಿ ಕರೆದವರು ಅವರು. ಫೋನಿನಲ್ಲಿ ಉತ್ತರ ಕೊಟ್ಟವಳು ನಾನು. ನಿಮ್ಮ ಮಗ ಅದನ್ನ ತಮ್ಮದು ಅಂತ ಹೇಳಿಕೊಂಡರು, ಅಷ್ಟೇ."

ಅವರು ಎದೆ ಬಡಿದುಕೊಳ್ಳುವುದನ್ನು ನಿಲ್ಲಿಸಿದರು. ನನ್ನ ತಾಯಿ ಅವರಿಗೆ ಗೊತ್ತು. ನಮ್ಮ ಮದುವೆಯಲ್ಲಿ ಇಬ್ಬರೂ ಒಂದೇ ಎಲೆಯ ಸಾಲಿನಲ್ಲಿ ಕೂತು ಉಂಡವರು. ಹುಲ್ಲಿನ ಒಂದು ಎಳೆಯನ್ನು ಬೆರಳಿಗೆ ಸುತ್ತುತ್ತ ಕೇಳಿದರು.

"ಮತ್ತ ನನ್ನ ಮ್ಯಾಲೆ ಬರದದ್ದು ಯಾವ್ದದ?"

ಅವನ ಹಾಡುಗಳನ್ನೆಲ್ಲ ಮನಸ್ಸಿನಲ್ಲಿ ಹುಡುಕಿದೆ. ಟ್ರಕ್ಕುಗಳಿದ್ದವು, ಅವನು ಎಂದೂ ಹತ್ತದ ಕುದುರೆಗಳಿದ್ದವು, ಎಂದೂ ಸಾಕದ ನಾಯಿಯಿತ್ತು, ಟೆಕ್ಸಸಿನ ಒಂದು ನದಿಯಿತ್ತು. ಸುಳ್ಳು ಹೇಳಬಹುದಿತ್ತು. ಸುಳ್ಳು ಸಾಕಾಗಿತ್ತು ನನಗೆ.

"ಯಾವುದೂ ಇಲ್ಲ ಅತ್ತೆ."

ಅವರು ಕಣ್ಣು ಒರೆಸಿಕೊಂಡರು. ಸೆರಗು ಸರಿಮಾಡಿಕೊಂಡು ತಲೆಯ ಮೇಲೆ ಹೊದ್ದರು.

"ಹಂಗಾದ್ರ ಇದ ಇರ್ಲಿ," ಎಂದರು.

ನನಗೆ ಅರ್ಥವಾಗುವ ಮೊದಲೇ ಒಳಗೆ ಹೋಗಿದ್ದರು. ಮೈಕಿನಲ್ಲಿ ಡಾರ್ಲೀನ್ ನನ್ನ ಹೆಸರು ಕರೆಯುತ್ತಿದ್ದಳು. ನಾನು ಬಾಗಿಲು ದಾಟುವಷ್ಟರಲ್ಲಿ ಅತ್ತೆ ಸಂಹಿತಾಳ ಕೈ ಹಿಡಿದು ವೇದಿಕೆ ಹತ್ತಿದ್ದರು. ಒಂದೊಂದೇ ವಾಕ್ಯ ಹೇಳಿದರು, ಸಂಹಿತಾ ಒಂದೊಂದನ್ನೇ ಇಂಗ್ಲಿಷಿಗೆ ತಂದಳು. ನಾನೇ ಆ ತಾಯಿ. ನಾನು ಸತ್ತಿಲ್ಲ. ನನಗೆ ಕಾಗೆ ಮುಟ್ಟಿತ್ತು, ನನ್ನನ್ನು ಉಳಿಸಲು ನನ್ನ ಮಗ ನಿಮ್ಮನ್ನೆಲ್ಲ ಅಳಿಸಿದ. ನೀವು ಅತ್ತಿರಿ, ನಾನು ಉಳಿದೆ. ಅವನು ಹೋದ. ಈಗ ಸುಳ್ಳೆಂದು ಹೇಳಲು ನಾನೇ ಬಂದಿದ್ದೇನೆ.

ಈಗ ಇವರಿಗೆ ಸಿಟ್ಟು ಬರುತ್ತದೆ, ಮೋಸಹೋದೆವು ಎನ್ನುತ್ತಾರೆ, ಆಗ ನಾನು ಮಾತಾಡಬಹುದು ಎಂದುಕೊಂಡೆ. ಮುಂದಿನ ಸಾಲಿನ ಮುದುಕನೊಬ್ಬ ಹ್ಯಾಟ್ ತೆಗೆದು ಎದೆಗೆ ಹಿಡಿದುಕೊಂಡ. ನಂತರ ಎಲ್ಲರೂ ತೆಗೆದರು. ಡಾರ್ಲೀನ್ ಬಿಕ್ಕುತ್ತ ಹೋಗಿ ಎರಡನೇ ಮೇಣದಬತ್ತಿಯನ್ನು ಊದಿ ಆರಿಸಿ ಅತ್ತೆಯನ್ನು ಅಪ್ಪಿಕೊಂಡಳು. ತನಗೆ ಮೊದಲೇ ತಿಳಿದಿದ್ದರೆ ತನ್ನ ತಾಯಿಗೂ ಹೀಗೆ ಮಾಡುತ್ತಿದ್ದೆನಲ್ಲ ಎಂದಳು. ಈ ಹಾಡಿಗೆ ಇದಕ್ಕಿಂತ ದೊಡ್ಡ ಕಥೆ ಬೇರೆ ಬೇಕಿರಲಿಲ್ಲ. ನಾನು ಹೇಳಬೇಕಾಗಿದ್ದ ಕಥೆಯನ್ನು ಯಾರೂ ಮತ್ತೆ ಕೇಳಲಿಲ್ಲ. ಗಿಟಾರುಗಳು ಎದ್ದವು, ಹಾಲ್ ತುಂಬ ಜನ ಹಾಡಿದರು, ಅತ್ತೆ ಮಧ್ಯದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಕೇಳಿದರು, ಟೀಚರ್ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು.

ವೇದಿಕೆಯಿಂದ ಇಳಿದ ಸಂಹಿತಾ ನನ್ನ ಪಕ್ಕದಲ್ಲಿ ನಿಂತಳು. ಹರಿಹರದ ಅಜ್ಜಿ ಹೋದಾಗ ಅವಳು ಆ ಅಡುಗೆಮನೆಯಲ್ಲೇ ಇದ್ದವಳು, ನನ್ನ ಬೆನ್ನು ಸವರಿದವಳು. ನಾನು ಅವಳ ಮುಖ ನೋಡಿದೆ. ಅವಳು ಇಂಗ್ಲಿಷಿನಲ್ಲಿ, ಮೆಲ್ಲಗೆ, ಅಜ್ಜಿ ನನ್ನ ಕೈಯನ್ನು ಬಹಳ ಗಟ್ಟಿಯಾಗಿ ಹಿಡಿದಿದ್ದರು ಅಮ್ಮ, ಎಂದಳು.

ಮುಗಿದ ಮೇಲೆ ಡಾರ್ಲೀನ್ ಒಂದು ಮರದ ಫಲಕ ತಂದಳು. ಹಾಲಿನ ಗೋಡೆಗೆ ಹಾಕಲು ಮಾಡಿಸಿದ್ದು. ಹಾಡಿನ ಹೆಸರು, ನೀಲ್ ಎಂಬ ಹೆಸರು, ಕೆಳಗೆ 'ಅವನ ತಾಯಿ' ಎಂದು ಸುಟ್ಟು ಕೆತ್ತಿತ್ತು. ಅದರ ಮುಂದೆ ಜಾಗ ಖಾಲಿ. ತಾಯಿಯ ಹೆಸರು ಅವರಿಗೆ ಗೊತ್ತಿರಲಿಲ್ಲ, ನೀಲಕಂಠ ಎಂದೂ ಹೇಳಿರಲಿಲ್ಲ. ಮಾರ್ಕರಿನಲ್ಲಿ ಬರೆದುಕೊಡು, ಕೆತ್ತುವವನು ಅದರ ಮೇಲೆಯೇ ಕೆತ್ತುತ್ತಾನೆ, ಎಂದು ನನ್ನ ಕೈಗೆ ಕೊಟ್ಟಳು.

ಅತ್ತೆಗೆ ಇಂಗ್ಲಿಷ್ ಇರಲಿ, ಕನ್ನಡವೂ ಓದಲು ಬಾರದು. ನಾನು ಏನು ಬರೆದರೂ ಗೋಡೆಯ ಮೇಲೆ ಅದೇ ಉಳಿಯುತ್ತಿತ್ತು. ಮಾರ್ಕರಿನ ಮುಚ್ಚಳ ತೆಗೆದೆ. ಹಾಲಮ್ಮ ಎಂದು ಬರೆಯಬಹುದಿತ್ತು. ಬರೆದರೆ ಅಮ್ಮ ನೀಲನ ತಾಯಿಯಾಗುತ್ತಾರೆ. ಆ ಎರಡು ಪದಗಳ ಮುಂದೆ ಅವರ ಹೆಸರಿಟ್ಟರೆ, ಇದುವರೆಗೆ ಅವನು ಬಾಯಿಮಾತಿನಲ್ಲಿ ಕಿತ್ತುಕೊಂಡದ್ದನ್ನು ನಾನೇ ನನ್ನ ಕೈಯಾರೆ ಮರದ ಮೇಲೆ ಬರೆದುಕೊಟ್ಟಂತೆ. ಬೇರೆ ಯಾವ ಜಾಗವೂ ಆ ಫಲಕದಲ್ಲಿ ಇರಲಿಲ್ಲ.

ಅನ್ನಪೂರ್ಣವ್ವ ಎಂದು ಬರೆದೆ.

ಅತ್ತೆ ಪಕ್ಕಕ್ಕೆ ಬಂದು ನಿಂತಿದ್ದರು. ಏನು ಬರೆದೆ ಎಂದು ಕೇಳಿದರು. ನಿಮ್ಮ ಹೆಸರೇ ಅತ್ತೆ, ಎಂದೆ. ಅವರು ಫಲಕವನ್ನೂ ನನ್ನನ್ನೂ ನೋಡಿ, ಸಂಹಿತಾಳನ್ನು ಹತ್ತಿರ ಕರೆದರು.

"ನೀ ಓದವಾ."

ಸಂಹಿತಾ ಓದಿದಳು. ಇನ್ನೊಮ್ಮೆ ಓದು ಎಂದರು. ಅವಳು ಇನ್ನೊಮ್ಮೆ ಓದಿದಳು. ಅತ್ತೆ ತಲೆಯಾಡಿಸಿ ಬುತ್ತಿಯ ಗಂಟು ಹುಡುಕಿಕೊಂಡು ಹೋದರು.

ಡಾರ್ಲೀನ್ ಶಾಯಿ ಆರಲೆಂದು ಫಲಕವನ್ನು ಕಿಟಕಿಗೆ ಒರಗಿಸಿದಳು. ನನ್ನ ತೋಳಿನ ಮೇಲೆ ಕೈಯಿಟ್ಟು, ನೀನು ಅದೃಷ್ಟವಂತೆ, ಇಂಥ ಅತ್ತೆ ನಿನಗಿದ್ದಾರೆ, ಎಂದಳು. ನಿನ್ನ ಸ್ವಂತ ತಾಯಿ ಇದ್ದಾರಾ ಎಂದು ಕೇಳಿದಳು. ಇಷ್ಟು ವರ್ಷಗಳಲ್ಲಿ ಅವರಲ್ಲಿ ಯಾರೂ ನನ್ನನ್ನು ಇದನ್ನು ಕೇಳಿರಲಿಲ್ಲ.

"ಇಲ್ಲ," ಎಂದೆ. "ಅವರೂ ಅದೇ ವರ್ಷ ಹೋದರು."

ಅವಳ ಕಣ್ಣು ಮತ್ತೆ ತುಂಬಿತು. ನಿಜವಾದ ಮರುಕ ಅದು, ಅದರಲ್ಲಿ ಒಂದಿಷ್ಟೂ ನಟನೆಯಿರಲಿಲ್ಲ.

"ಪಾಪ. ನೀಲ್ ಇದ್ದಿದ್ದರೆ ಅವರ ಮೇಲೂ ಒಂದು ಹಾಡು ಬರೆಯುತ್ತಿದ್ದ," ಎಂದಳು.